ಒಳಗ ಹೋದಮ್ಯಾಲ "ಬ್ಯಾಡ" ಅನ್ನಾಕ ಬಾರದ ಅಪ್ಪ

ಆಪ್ತಸಲಹಾಕ್ಕ ನನ್ನ ಕಡಿ ಬಂದ ಒಂದು ಗಂಡ ಹೆಂಡ್ತಿ ಕಥಿ ಇದು. ಗುರುತು ಸಿಗಬಾರದು ಅಂತ ಓಣಿ, ಕೆಲಸ, ಮಕ್ಕಳ ಕ್ಲಾಸು ಎಲ್ಲಾ ಬದಲಿ ಮಾಡೀನಿ, ಇಬ್ಬರೂ "ಬರೀರಿ ಮೇಡಂ, ನಮ್ಮಂಗ ಇರೋ ಮಂದಿಗೆ ಉಪಯೋಗ ಆಗ್ಲಿ" ಅಂತ ಒಪ್ಪಿಗಿ ಕೊಟ್ಟಾರ. ಹಳೇ ಹುಬ್ಬಳ್ಳಿ ಕಡಿ ಬಾಡಿಗಿ ಮನಿ. ಗಂಡಂದು ಸೇಲ್ಸ್ ಕೆಲಸ, ಹೆಂಡ್ತಿ ಮನ್ಯಾಗ ಬ್ಲೌಸ್ ಹೊಲೀತಾರ, ಪಿಕೋ ಫಾಲ್ ಹಚ್ಚಿಕೊಡ್ತಾರ. ಮಗಳು ಏಳನೇತ್ತೆ, ಮಗ ಮೂರನೇತ್ತೆ.

ನನ್ನ ಕಡಿ ಬಂದಾಗ ಅವರಿಬ್ಬರ ನಡುವ ಮಾತು ಸರಿಯಾಗಿ ಇರಲಿಲ್ಲ. ಕಾರಣ ಕೇಳಿದ್ರ ಹೆಂಡ್ತಿ ಪರ್ಸಿನ್ಯಾಗಿಂದ ಕ್ರೆಡಿಟ್ ಕಾರ್ಡ್ ಬಿಲ್ ತಗದು ಟೇಬಲ್ ಮ್ಯಾಲ ಇಟ್ರು. ಹಿಂದಿನ ಬ್ಯಾಸಗಿ ರಜಾದಾಗ ಬೆಂಗಳೂರ ಕಡಿ ಒಂದು ದೊಡ್ಡ ಪಾರ್ಕಿಗೆ ಹೋಗಿ ಬಂದಿದ್ರು, 12 ಸಾವಿರದಾಗ ಮುಗಸೋಣು ಅಂತ ಹೋದವರು 26 ಸಾವಿರ ಮಾಡ್ಕೊಂಡು ಬಂದ್ರು, ಆಮ್ಯಾಲ ಪ್ರತಿ ತಿಂಗಳ ಬಿಲ್ಲಿನ್ಯಾಗ ಬ್ಯಾಂಕಿನವರು ಕೇಳೋ ಮಿನಿಮಮ್ ಅಷ್ಟ ಕಟ್ಟಿಕೋತ ಹೊಂಟಾರ. ಅವರ ಕಾರ್ಡಿಗೆ ತಿಂಗಳಿಗೆ ಶೇ. 3.5 ಬಡ್ಡಿ, ಅಂದ್ರ ವರ್ಷಕ್ಕ ಶೇ. 42. ಬಾಕಿ ಉಳಿಸ್ಕೊಂಡಾಗ ಹೊಸಾ ಖರೀದಿಗೂ ಬಡ್ಡಿ ಇಲ್ಲದ ದಿನಗಳು ಸಿಗೂದಿಲ್ಲ, ಅದ ಕಾರ್ಡಿನ ಮ್ಯಾಲ ತಂದ ಅಕ್ಕಿ ಎಣ್ಣಿಗೂ ಅವತ್ತಿಂದ ಬಡ್ಡಿ ಶುರು ಆಗತೈತಿ, ಇದು ಇಬ್ಬರಿಗೂ ಗೊತ್ತಿರಲಿಲ್ಲ. ಈಗ ಮಗ ಮತ್ತ ಹೋಗೂಣು ಅಂತ ಹಟ ಹಿಡದಾನ, ಅಪ್ಪ "ಆತು ಕರ್ಕೊಂಡು ಹೋಗ್ತೀನಿ" ಅಂತ ಮಾತೂ ಕೊಟ್ಟುಬಿಟ್ಟಾರ, ಅವ್ವಗ ಕೇಳಲಾರದ.

"ಇವರು ಮಕ್ಕಳ ಮುಂದ ದೊಡ್ಡ ಮನಶಾ ಆಗ್ತಾರ, ಬ್ಯಾಡ ಅಂದು ಕೆಟ್ಟಾಕಿ ಆಗೋದು ನಾನು" ಅಂತ ಹೆಂಡ್ತಿ ಕಣ್ಣೀರು ತಗದ್ರು. ಗಂಡ ತಲಿ ತಗ್ಗಿಸಿ ಕುಂತಿದ್ರು.

ಇಂಥಾ ಕೇಸಿನ್ಯಾಗ ಮೊದಲ ಉಪದೇಶಕ್ಕ ಇಳೀಬಾರದು, ಖರ್ಚನ್ನ ಬಿಡಿಸಿ ನೋಡಬೇಕು ಅನ್ನೋದು ನನ್ನ ನಂಬಿಕಿ. ಇಬ್ಬರಿಗೂ ಒಂದೊಂದು ಹಾಳಿ ಕೊಟ್ಟು ನೆನಪಿದ್ದಷ್ಟು ಬರೀರಿ ಅಂದೆ. ಟಿಕೆಟ್ ಮತ್ತು ಪ್ರಯಾಣ ಅವರು ಅಂದಾಜು ಹಾಕಿದಷ್ಟರ ಆಸುಪಾಸೇ ಇತ್ತು. ಉಳಿದದ್ದೆಲ್ಲಾ ಗೇಟ್ ದಾಟಿದಮ್ಯಾಲ ಆಗಿದ್ದು: ಲೈನ್ ಉದ್ದ ಐತಿ ಅಂತ ಮಗ ಅತ್ತಾಗ ನಾಲ್ಕೂ ಮಂದಿಗೆ ಲೈನ್ ತಪ್ಪಿಸೋ ಫಾಸ್ಟ್‌ಟ್ರ್ಯಾಕ್ ಟಿಕೆಟ್, ನೀರಿನ ಆಟಕ್ಕ ಕಾಟನ್ ಬಟ್ಟಿ ನಡಿಯೂದಿಲ್ಲ ಅಂದಾಗ ಅಲ್ಲೇ ಅಂಗಡ್ಯಾಗ ಎಲ್ಲಾರಿಗೂ ನೈಲಾನ್ ಡ್ರೆಸ್, ರೈಡಿನ ಫೋಟೋ, ಎರಡು ಲಾಕರ್, ಎರಡು ಸಲ ಊಟ, ವಾಪಸ್ ಬರುವಾಗ ಸುಸ್ತಾಗಿ ಸ್ಟೇಷನ್ ತನಕ ಕ್ಯಾಬ್. ಒಂದೊಂದೂ ಆ ಗಳಿಗಿ ಒಳಗ ಸಣ್ಣದು ಅನಿಸಿದ್ದು.

"ಪ್ರತಿ ಸಲ ಹೂಂ ಅಂದವರು ಯಾರು?" ಅಂತ ಕೇಳ್ದೆ. ಗಂಡ ಭಾಳ ಹೊತ್ತು ಸುಮ್ಮನಿದ್ದು "ನಾನರೀ" ಅಂದ್ರು. ಆಮ್ಯಾಲ ಮಾತು ಬಿಚ್ಚಿಕೊಂಡ್ತು. ಸಣ್ಣಾಂವ ಇದ್ದಾಗ ಅಪ್ಪನ ಕೈ ಹಿಡಕೊಂಡು ಸಿದ್ಧಾರೂಢರ ಜಾತ್ರಿಗೆ ಬರ್ತಿದ್ರಂತ, ತೊಟ್ಟಲಾ ಆಡಬೇಕು ಅಂದ್ರ ಅವರಪ್ಪ "ಮುಂದಿನ ವರ್ಷ ಆಡಸ್ತೀನಿ ತಮ್ಮಾ" ಅಂತಿದ್ರು, ಆ ಮುಂದಿನ ವರ್ಷ ಬರಲೇ ಇಲ್ಲ. ಹಮಾಲಿ ಮಾಡೋ ಮನುಷ್ಯಾ, ಅವರದೂ ತಪ್ಪಿಲ್ಲ. "ನನ್ನ ಮಗ ಕೇಳಿದಾಗ ಬ್ಯಾಡ ಅನ್ನಾಕ ಹ್ವಾದ್ರ ಗಂಟಲ ಕಟ್ಟತೈತಿ ಮೇಡಂ" ಅಂದ್ರು. ಹೆಂಡ್ತಿ ಇದನ್ನ ಅವತ್ತ ಮೊದಲ ಸಲ ಕೇಳಿದ್ದು, ಇಷ್ಟು ವರ್ಷ ಸಂಸಾರ ಮಾಡಿ. ಅವರ ಸಿಟ್ಟು ಅಲ್ಲೇ ಅರ್ಧಾ ಇಳೀತು.

ನಾನು ಅವರಿಗೆ ಹೇಳಿದ್ದು, ನೀವು ನಿಮ್ಮ ಮಗಗ ಕೊಡೋದು ಬೇರೆ, ನಿಮ್ಮೊಳಗಿನ ಆ ಸಣ್ಣ ಹುಡುಗಗ ಕೊಡೋದು ಬೇರೆ, ಎರಡಕ್ಕೂ ಒಂದ ಕಾರ್ಡ್ ತಿಕ್ಕಬ್ಯಾಡ್ರಿ. ಮತ್ತ ನಿಮ್ಮ ಮಕ್ಕಳು ರೊಕ್ಕದ ಮಾತು ಕೇಳಿದ್ರ ನೊಂದ್ಕೋತಾರ ಅಂತ ನೀವ ಅನ್ಕೊಂಡೀರಿ, ಅವರನ್ನ ಕೇಳೀರೇನು? ಎಷ್ಟು ಐತಿ ಅಂತ ಮೊದಲ ಗೊತ್ತಿದ್ದ ಮಕ್ಕಳು ಕಡಿಮಿ ಹಟ ಮಾಡ್ತಾರ, ಇದನ್ನ ನಾನು ಎಷ್ಟೋ ಮನ್ಯಾಗ ಕಂಡೀನಿ. ಗೇಟಿನ ಮುಂದ ಅಳೋ ಕೂಸಿನ ಎದುರಿಗೆ ಯಾವ ಅಪ್ಪಗೂ ನಿರ್ಧಾರ ಮಾಡೋ ಶಕ್ತಿ ಇರೂದಿಲ್ಲ, ಅದಕ್ಕ ನಿರ್ಧಾರ ಮನ್ಯಾಗ, ಊಟದ ಹೊತ್ತಿನ್ಯಾಗ, ನಾಲ್ಕೂ ಮಂದಿ ಕುಂತು ಆಗಬೇಕು.

ಮೊದಲು ಕಾರ್ಡಿನ ಬಾಕಿ, ಪಾರ್ಕ್ ಆಮ್ಯಾಲ, ಇದರಾಗ ರಿಯಾಯಿತಿ ಇಲ್ಲ ಅಂತ ಖಡಕ್ಕಾಗಿ ಹೇಳ್ದೆ. ಕಾರ್ಡ್ ಕಪಾಟಿನ್ಯಾಗ ಇಟ್ಟು, ಹೊಲಿಗಿ ರೊಕ್ಕದಾಗ ಒಂದಿಷ್ಟು, ಗಂಡನ ಇನ್ಸೆಂಟಿವ್ ಪೂರ್ತಿ, ಬಾಕಿಗೆ ಹಾಕ್ರಿ. ತೀರಿದಮ್ಯಾಲ ಅದ ಮೊತ್ತಕ್ಕ ಬ್ಯಾಂಕಿನ್ಯಾಗ ಆರು ತಿಂಗಳ ಆರ್‌ಡಿ (ತಿಂಗಳಾ ತಿಂಗಳಾ ಕಟ್ಟೋ ಠೇವಣಿ) ಮಾಡ್ರಿ, ಪ್ರವಾಸದ ರೊಕ್ಕ ಅದರಿಂದ ಮಾತ್ರ. ಮಗಗ "ಯಾವಾಗ" ಅಂತ ತಿಂಗಳ ಹೆಸರು ಹೇಳ್ರಿ, "ನೋಡೂಣು" ಅನ್ನಬ್ಯಾಡ್ರಿ.

ಆಮ್ಯಾಲ ಒಂದು ಅಭ್ಯಾಸದ ಪ್ರವಾಸ ಕೊಟ್ಟೆ. ನಮ್ಮ ಹತ್ರನ ಶಿಗ್ಗಾವಿ ತಾಲೂಕಿನ ಗೊಟಗೋಡಿಯೊಳಗ ಉತ್ಸವ ರಾಕ್ ಗಾರ್ಡನ್ ಐತಿ, ಹುಬ್ಬಳ್ಳಿಯಿಂದ ಹಾವೇರಿ ಕಡಿ ಹೈವೇ ಹಿಡದ್ರ ಬೆಳಿಗ್ಗೆ ಹೋಗಿ ಸಂಜಿಕ ಮನಿ ಮುಟ್ಟಬಹುದು. ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ್ದು, ನಮ್ಮ ಹಳ್ಳಿ ಬಾಳೇವು ಪೂರಾ ಮೂರ್ತಿಯೊಳಗ ನಿಂತೈತಿ, ನನಗಂತೂ ಅದು ನಮ್ಮ ಕಡಿ ದೊಡ್ಡ ಹೆಮ್ಮಿ. ಅಲ್ಲಿಗೆ ಹೋಗುವಾಗ ಇಬ್ಬರೂ ಮಕ್ಕಳ ಕೈಯಾಗ ತಲಾ 150 ರೂಪಾಯಿ ಕೊಡ್ರಿ, ತಿನ್ನಾಕ ಆಡಾಕ ಅದಷ್ಟ, ಮುಗದ್ರ ಮುಗೀತು, ಅಪ್ಪ ಪರ್ಸ್ ತೆಗಿಯೂದಿಲ್ಲ ಅಂತ ಮನ್ಯಾಗ ಹೇಳಿ ಹೊಂಡ್ರಿ.

ಅಲ್ಲಿಗೆ ಹೋದಾಗ ಮಗ ತನ್ನ ರೊಕ್ಕ ಮಧ್ಯಾಹ್ನದೊಳಗ ಪೂರಾ ಖಾಲಿ ಮಾಡಿ ಐಸ್‌ಕ್ರೀಮಿಗೆ ಅತ್ತ. ಅಪ್ಪ ಕಿಸೆಕ್ಕ ಕೈ ಹಾಕಿ ವಾಪಸ್ ತಗೊಂಡ್ರಂತ, "ನನಗೂ ಅಳು ಬಂದಿತ್ತು ಮೇಡಂ" ಅಂದ್ರು. ಆದ್ರ ಅಕ್ಕ ತನ್ನ ಐಸ್‌ಕ್ರೀಮಿನ್ಯಾಗ ತಮ್ಮಗ ಕೊಟ್ಲು, ಹತ್ತು ನಿಮಿಷದಾಗ ಅಂವ ಆಡ್ಕೋತ ಓಡಿಹ್ವಾದ. ಮಗ ಅತ್ತ, ಆಮ್ಯಾಲ ಸುಮ್ಮನಾದ, ಅಪ್ಪನ ಮ್ಯಾಲಿನ ಪ್ರೀತಿ ಎಲ್ಲೂ ಹೋಗಲಿಲ್ಲ. ಈ ಮನುಷ್ಯಾ ನೋಡಬೇಕಾಗಿದ್ದು ಅದೊಂದನ್ನ, ನಾನು ಎಷ್ಟು ಸೆಷನ್ ಮಾತಾಡಿದ್ರೂ ಅದು ತಲಿಗೆ ಹೋಗ್ತಿರಲಿಲ್ಲ.

ದೊಡ್ಡ ಪ್ರವಾಸದ ತಯಾರಿಗೆ ಮಗಳನ್ನೂ ಸೆಷನ್ನಿಗೆ ಕರಸಿದ್ವಿ, ಲೆಕ್ಕ ಬರ್ಯೋದು ಅಕಿ ಕೆಲಸ. ಬಿಡದಿ ಹತ್ರನ ವಂಡರ್‌ಲಾ ಅಂತ ಗೊತ್ತು ಮಾಡಿದ್ರು. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮ್ಯಾಲ ಇಲ್ಲ, ಎತ್ತರದ ಮ್ಯಾಲ, 140 ಸೆಂ.ಮೀ. ದಾಟಿದ್ರ ದೊಡ್ಡವರ ಟಿಕೆಟ್, ಅದಕ್ಕ ಮನ್ಯಾಗ ಗ್ವಾಡಿಗೆ ನಿಲ್ಲಿಸಿ ಅಳೀರಿ ಅಂದೆ. ಮಗಳು ದಾಟಿದ್ಲು, ಮಗ ಇಲ್ಲ. ಶನಿವಾರ ಭಾನುವಾರ, ರಜಾ ದಿನ ರೇಟೂ ಹೆಚ್ಚು ಲೈನೂ ಹೆಚ್ಚು, ವಾರದ ನಡುವ ಹೋದ್ರ ಫಾಸ್ಟ್‌ಟ್ರ್ಯಾಕ್ ವಿಚಾರನೇ ಬರೂದಿಲ್ಲ, ಸಾಲಿ ಒಂದು ದಿನ ತಪ್ಪಿದ್ರ ಚೀಟಿ ಬರದು ಕೊಡ್ರಿ. ಟಿಕೆಟ್ ಮುಂಚೆ ಆನ್‌ಲೈನ್ ತಗೋರಿ, ಪಾರ್ಕಿನವರದ ವೆಬ್‌ಸೈಟಿನ್ಯಾಗ, ಜಿಎಸ್‌ಟಿ ಸೇರೈತೋ ಇಲ್ಲೋ ನೋಡಿ. ನೈಲಾನ್ ಬಟ್ಟಿ ಇಲ್ಲೇ ದುರ್ಗದಬೈಲಿನ್ಯಾಗ ಚೌಕಾಶಿ ಮಾಡಿ ತರ್ರಿ, ಹೆಂಗೂ ಹಿಂದಿನ ವರ್ಷದ್ದು ಮೂರು ಮಂದಿಗೆ ಇನ್ನೂ ಹತ್ತತಾವ. ಹೊರಗಿನ ಊಟ ಒಳಗ ಬಿಡೂದಿಲ್ಲ, ಅದಕ್ಕ ಬೆಳಿಗ್ಗೆ ಗೇಟಿನ ಹೊರಗ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹೊಟ್ಟಿ ತುಂಬ ತಿಂದು ಹೋಗ್ರಿ, ಒಳಗ ಒಂದ ಊಟ. ಲಾಕರ್ ಒಂದ.

ಪ್ರಯಾಣದ ವಿಚಾರಕ್ಕ ಗಂಡಾ ಹೆಂಡ್ತಿಗೆ ಸಣ್ಣ ವಾದ ಆತು. ಶಕ್ತಿ ಯೋಜನಾದಾಗ ಕೆಂಪು ಬಸ್ಸಿನ್ಯಾಗ ತಾಯಿ ಮಗಳಿಗೆ ಫ್ರೀ, ಆಧಾರ್ ತೋರಿಸಿದ್ರ ಸಾಕು, ಆದ್ರ ಸ್ಲೀಪರ್, ರಾಜಹಂಸಕ್ಕ ಅದು ನಡಿಯೂದಿಲ್ಲ. ರಾತ್ರಿಯೆಲ್ಲಾ ಕುಂತು ಹೋಗಬೇಕು. ನಾನು ರೈಲು ಅಂದೆ, ಸ್ಲೀಪರ್ ಕ್ಲಾಸು, ಮಗಗ ಬೇರೆ ಬರ್ತ್ ತಗೊಂಡ್ರ ಪೂರಾ ಟಿಕೆಟ್, ಅವ್ವನ ಹತ್ರ ಮಲಗಿದ್ರ ಅರ್ಧಾ. ನಿದ್ದಿಗೆಟ್ಟ ಮಕ್ಕಳು ದಿನಾ ಪೂರಾ ಕಿರಿಕಿರಿ ಮಾಡ್ತಾರ, ಆ ಕಿರಿಕಿರಿ ತಣಸಾಕ ಹೋಗೋ ರೊಕ್ಕ ಬಸ್ಸಿನ್ಯಾಗ ಉಳದಿದ್ದಕ್ಕಿಂತ ಜಾಸ್ತಿ. ಹೋಗುವಾಗ ರೈಲು, ಬರುವಾಗ ಬಸ್ಸು ಅಂತ ಅವರ ತಗದ ದಾರಿ ನನ್ನದಕ್ಕಿಂತ ಚಲೋ ಇತ್ತು.

ಹೋಗಿ ಬಂದ್ರು. ಲೆಕ್ಕ ಹಾಕಿದ್ದಕ್ಕಿಂತ 900 ರೂಪಾಯಿ ಹೆಚ್ಚಾತು. ಅದರಾಗ ಒಂದು ಫೋಟೋ, ಅಪ್ಪ ಮಗ ಇಬ್ಬರೂ ರೈಡಿನ್ಯಾಗ ಬಾಯಿ ತಗದು ಚೀರಿದ್ದು, ಇದನ್ನ ತಗೊಳ್ರಿ ಅಂತ ಹೇಳಿದಾಕಿ ಹೆಂಡ್ತಿನ. ಕಾರ್ಡ್ ಕಪಾಟಿನ್ಯಾಗ ಇತ್ತು. ಮಾತು ಕೊಡೋ ಚಾಳಿ ಅವರಿಗೆ ಪೂರಾ ಹೋಗಿಲ್ಲ, ಮೊನ್ನೆ ಮಗಗ ಸೈಕಲ್ ಕೊಡಸ್ತೀನಿ ಅಂದಾರಂತ, ಆದ್ರ ಅವತ್ತ ರಾತ್ರಿ ಹೆಂಡ್ತಿಗೆ ತಾವ ಹೇಳಿ, ಆರ್‌ಡಿ ಇನ್ನೊಂದು ಆರು ತಿಂಗಳಕ್ಕ ಮುಂದುವರಸೂಣೇನು ಅಂತ ಕೇಳ್ಯಾರ. ಮುಂದಿನ ಭೇಟಿ ಎರಡು ತಿಂಗಳ ಬಿಟ್ಟು ಇಟ್ಟೀವಿ.