ಮಧ್ಯಾಹ್ನ ಎರಡಕ್ಕೆ ಹೊರಟು ಸಂಜೆ ಐದಕ್ಕೆ ಅಮೆರಿಕ

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಒಂದು ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನದಲ್ಲಿ ಹೋಗಿದ್ದೆವು. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ತಲುಪುವುದೆಂದು ಟಿಕೆಟಿನಲ್ಲಿತ್ತು. ಈ ದೂರವನ್ನು ಕೆಲವರು 14,000 ಕಿ.ಮೀ. ಎನ್ನುತ್ತಾರೆ, ಕೆಲವರು 16,000 ಎನ್ನುತ್ತಾರೆ. ಬರುವಾಗ ಹೆಚ್ಚು ಹೊತ್ತು ಹಿಡಿಯಿತು. ಇದರ ಲೆಕ್ಕವನ್ನು ದಯವಿಟ್ಟು ತಿಳಿಸಿಕೊಡಿ.
– ಓದುಗರು, ಶಿರಸಿ

ಉತ್ತರ: ಮೊದಲು ಗಡಿಯಾರದ ವಿಷಯ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮಯ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ನೀವು ಅಲ್ಲಿ ಇಳಿದ ಸಂಜೆ 5ಕ್ಕೆ ಶಿರಸಿಯಲ್ಲಿ ಮರುದಿನ ಬೆಳಗಿನ 6.30 ಆಗಿತ್ತು, ಅಂದರೆ ನೀವು ವಿಮಾನದಲ್ಲಿ ಕುಳಿತದ್ದು ಮೂರು ಗಂಟೆಯಲ್ಲ, ಹದಿನಾರೂವರೆ ಗಂಟೆ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ.

ದೂರದ ಗೊಂದಲಕ್ಕೆ ಮೂಲ ಗೋಡೆಯ ಮೇಲಿನ ಭೂಪಟ. ಮನೆಯಲ್ಲಿ ಚಕ್ಕೋತ ಹಣ್ಣಿದ್ದರೆ ಅದನ್ನೇ ಭೂಮಿಯೆಂದು ತಿಳಿದು, ತೊಟ್ಟನ್ನು ಉತ್ತರ ಧ್ರುವವಾಗಿಸಿಕೊಳ್ಳಿ. ಹಣ್ಣಿನ ನಡುಸುತ್ತಿನಿಂದ ಸ್ವಲ್ಪ ಮೇಲೆ ಬೆಂಗಳೂರನ್ನು, ಬಹುಮಟ್ಟಿಗೆ ಅದರ ಬೆನ್ನಿಗೆ, ಇನ್ನೂ ತುಸು ಮೇಲೆ ಸ್ಯಾನ್ ಫ್ರಾನ್ಸಿಸ್ಕೋವನ್ನು ಪೆನ್ನಿನಿಂದ ಗುರುತಿಸಿ, ಹೂ ಕಟ್ಟುವ ಬಾಳೆನಾರನ್ನು ಎರಡು ಗುರುತುಗಳ ನಡುವೆ ಬಿಗಿಯಾಗಿ ಎಳೆದರೆ, ಅದು ಪಕ್ಕಕ್ಕೆ ಸುತ್ತಿಕೊಳ್ಳದೆ ಮೇಲಕ್ಕೆ ಜಾರಿ ತೊಟ್ಟಿನ ಸಮೀಪದಿಂದ ಹಾದುಹೋಗುತ್ತದೆ. ಆ ನಾರಿನ ಅಳತೆಯೇ ಸುಮಾರು 14,000 ಕಿ.ಮೀ.; ಅದು ಸೈಬೀರಿಯದ ಉತ್ತರ ಭಾಗದ ಮೇಲೆ ಸಾಗುವ ದಾರಿ. ಭೂಪಟದ ಮೇಲೆ ಅಡಿಪಟ್ಟಿಯಿಟ್ಟು ಪೂರ್ವಕ್ಕೆ ನೇರ ಗೆರೆ ಎಳೆದರೆ ಅದೇ ಪ್ರಯಾಣ 16,000 ಕಿ.ಮೀ. ದಾಟುತ್ತದೆ. ನೇರವಾಗಿ ಕಾಣುವ ಗೆರೆಯೇ ಸುತ್ತುದಾರಿ ಎಂಬುದನ್ನು ನಾನೂ ಹಣ್ಣು ಕೈಗೆತ್ತಿಕೊಳ್ಳುವವರೆಗೆ ಪೂರ್ತಿ ನಂಬಿರಲಿಲ್ಲ.

ಆದರೆ ವಿಮಾನ ನಾರಿನ ಮೇಲೆಯೇ ಹಾರುವುದಿಲ್ಲ. ಗಾಳಿ, ಹವಾಮಾನ ಮತ್ತು ಆಯಾ ದೇಶಗಳ ವಾಯುಪ್ರದೇಶದ ಅನುಮತಿಯನ್ನು ನೋಡಿಕೊಂಡು ದಾರಿಯನ್ನು ದಿನದಿನಕ್ಕೆ ಗೊತ್ತುಮಾಡುತ್ತಾರೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದಲೇ ಬಂದಿತ್ತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ಆ ದೂರವನ್ನು ಪತ್ರಿಕೆಗಳು ಸುಮಾರು 16,000 ಕಿ.ಮೀ. ಎಂದು ಬರೆದವು.

ಇನ್ನು ಸಮಯ. ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ.; 14,000ವನ್ನು ಅದರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಏರುವ, ಇಳಿಯುವ, ನೆಲದ ಮೇಲೆ ಉರುಳುವ ಹೊತ್ತನ್ನು ಅದಕ್ಕೆ ಸೇರಿಸಬೇಕು. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯ ಪಟ್ಟಿಯೊಂದಿದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದುಂಟು. ಪೆಸಿಫಿಕ್ ಕಡೆಯಿಂದ ಹೋಗುವ ವಿಮಾನ ದಾರಿ ಕೊಂಚ ಉದ್ದವಾದರೂ ಈ ಗಾಳಿಯನ್ನು ಬೆನ್ನಿಗೆ ಪಡೆಯುತ್ತದೆ. ಬರುವಾಗ ಆ ನೆರವು ಇಲ್ಲದ್ದರಿಂದ ಹದಿನೇಳು ಗಂಟೆ ದಾಟುತ್ತದೆ.

ನಿಮ್ಮ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ. ಶಿರಸಿಯಲ್ಲಿ ಹಿಂದಿನ ರಾತ್ರಿ 9ರ ಬಸ್ಸು ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ದೇವನಹಳ್ಳಿಗೆ ಹೋಗಿ, ತಪಾಸಣೆಯ ಸಾಲುಗಳಲ್ಲಿ ನಿಂತು ಮಧ್ಯಾಹ್ನ 2ರ ವಿಮಾನ ಹಿಡಿದಿದ್ದರೆ, ಅಷ್ಟಕ್ಕೇ ಹದಿನೇಳು ಗಂಟೆ ಕಳೆದಿತ್ತು. ಅಮೆರಿಕಕ್ಕೆ ಹಾರಿದ್ದಕ್ಕಿಂತ ಅರ್ಧ ಗಂಟೆ ಹೆಚ್ಚು.