ಕಾಫಿ ಗಿಡದ ಹಿಡಿ, ಜೀಪಿನ ಪ್ಲೇಟಿನ ಉಳಿ

ಪ್ರಶ್ನೆ: ಸರ್, ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಬಿಡುವಾದಾಗ ಸ್ಟೂಲು, ಕಪಾಟು ಅಂತ ಏನಾದರೂ ಮಾಡುವ ಹುಚ್ಚು. ಅಂಗಡಿಯಿಂದ ತಂದ ಉಳಿಗಳ ಹಿಡಿಗೆ ವಾರ್ನಿಷ್ ಬಳಿದಿದ್ದಾರೆ, ಬೆವರಿಗೆ ಜಾರುತ್ತದೆ, ಒಂದಂತೂ ಸೀಳಿಯೇ ಹೋಯಿತು. ಕಿತ್ತು ಹಾಕಿದ ಹಳೇ ರೋಬಸ್ಟಾ ಬುಡಗಳು ರಾಶಿ ಬಿದ್ದಿವೆ. ಅದರಲ್ಲಿ ಹಿಡಿ ಮಾಡಬಹುದಾ? ಜೀಪಿನ ಹಳೇ ಸ್ಪ್ರಿಂಗ್ ಪ್ಲೇಟೂ ಇದೆ. ಉಳಿಯನ್ನೇ ಮಾಡಿಬಿಡಲಾ?

ಉತ್ತರ: ಮೊದಲು ಹಿಡಿ ಮಾಡಿ. ಪ್ಲೇಟು ಎಲ್ಲೂ ಓಡಿಹೋಗಲ್ಲ.

ಕಾಫಿ ಮರ ಗಟ್ಟಿ, ತೂಕ ಇದೆ, ಎಳೆ ಒತ್ತಾಗಿದೆ. ಹಿಡಿಗೆ ಬೇಕಾದ್ದೇ ಅದು. ಆದರೆ ಹಸಿ ಮರದಲ್ಲಿ ಮಾಡಬೇಡಿ. ನಾನು ಮಾಡಿದ ಮೊದಲ ಹಿಡಿ ಹಸಿ ಕಾಂಡದ್ದು. ಸೀಳದಿರಲಿ ಅಂತ ಅದರ ತುದಿಗೆ ಹಿತ್ತಾಳೆ ಬಳೆಯನ್ನು ಬಿಗಿಯಾಗಿ ಕೂರಿಸಿ, ಮನೆಯವರಿಗೆಲ್ಲ ತೋರಿಸಿ, ಗೋಡೆಗೆ ನೇತುಹಾಕಿದ್ದೆ. ಬೇಸಿಗೆಯಲ್ಲಿ ಒಂದು ದಿನ ಬಳೆ ತಾನೇ ಕಳಚಿ ಟಣ್ ಅಂತ ನೆಲಕ್ಕೆ ಬಿತ್ತು. ನೋಡಿದರೆ ಹಿಡಿ ಉದ್ದಕ್ಕೂ ಬಿರುಕು.

ಹಾಗಾಗಿ ತೋಳಿನಷ್ಟು ದಪ್ಪದ ಬುಡ ಆರಿಸಿ, ಉದ್ದಕ್ಕೆ ಸೀಳಿ, ನಡುವಿನ ತಿರುಳು ಬರದ ಹಾಗೆ ತುಂಡು ತೆಗೆಯಿರಿ. ಬೇಕಾದ್ದಕ್ಕಿಂತ ನಾಲ್ಕು ಇಂಚು ಜಾಸ್ತಿಯೇ ಇರಲಿ. ನೀರು ಬೇಗ ಆರುವುದು ತುದಿಯಿಂದ, ಸೀಳುವುದೂ ಅಲ್ಲಿಂದಲೇ, ಅದಕ್ಕೆ ಎರಡೂ ತುದಿಗೆ ಮೇಣವೋ ಹಳೇ ಪೇಂಟೋ ಬಳಿದು ಅಟ್ಟದ ಮೂಲೆಯಲ್ಲಿ ಒಂದು ವರ್ಷ ಮರೆತುಬಿಡಿ. ಈಗ ಇಟ್ಟರೆ ಮುಂದಿನ ವರ್ಷದ ಕೈಲ್‌ಪೊಳ್ದ್ (ಕೊಡಗಿನ ಆಯುಧ ಪೂಜೆಯ ಹಬ್ಬ) ಹೊತ್ತಿಗೆ ಹೊಸ ಹಿಡಿಯ ಉಳಿಯನ್ನೂ ಪೂಜೆಗೆ ಇಡಬಹುದು. ಅಷ್ಟು ತಾಳ್ಮೆ ಇಲ್ಲವಾ? ಮುರಿದ ಗುದ್ದಲಿ ಕಾವು ಎಲ್ಲಾದರೂ ಬಿದ್ದಿರುತ್ತದೆ ನೋಡಿ, ಅದು ಒಣಗಿ ಎಷ್ಟೋ ವರ್ಷ ಆಗಿರುತ್ತದೆ.

ಹಿಡಿಯನ್ನು ಪೂರ್ತಿ ಗುಂಡಗೆ ಮಾಡಬೇಡಿ. ಎಂಟು ಪಟ್ಟೆ ತೆಗೆಯಿರಿ, ಉಳಿಯ ಬೆನ್ನಿನ ಕಡೆಯದ್ದು ಮಾತ್ರ ಸ್ವಲ್ಪ ಅಗಲ. ಕಣ್ಣು ಮುಚ್ಚಿ ಹಿಡಿದರೂ ಬಾಯಿ ಯಾವ ಕಡೆ ಅಂತ ಹೆಬ್ಬೆರಳಿಗೆ ಗೊತ್ತಾಗುತ್ತದೆ, ಮೇಜಿನಿಂದ ಉರುಳಿ ಕಾಲ ಮೇಲೂ ಬೀಳಲ್ಲ. ಒಡೆದ ಗಾಜಿನ ಚೂರಿನಿಂದ ಕೆರೆದರೆ ಸಾಕು, ಕನ್ನಡಿ ಹಾಗೆ ಹೊಳೆಯಿಸಿದರೆ ಮತ್ತೆ ಜಾರುತ್ತದೆ. ಮೇಲೆ ಅಗಸೆ ಎಣ್ಣೆ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಹೊರಗೆ ಹರಡಿ ಒಣಗಿಸಿ.

ಇನ್ನು ಪ್ಲೇಟು. ನಮ್ಮ ರಸ್ತೆಗಳಲ್ಲಿ ಓಡಿದ ಜೀಪಿನದ್ದಲ್ವಾ, ಕಣ್ಣಿಗೆ ಕಾಣದ ಬಿರುಕು ಇದ್ದರೂ ಇರಬಹುದು. ಅದು ಕತ್ತಿಗೆ, ಬಾಚಿಗೆ ಲಾಯಕ್ಕು. ಉಳಿಗೆ ನನ್ನ ಓಟು ಸವೆದ ಅರಕ್ಕೆ (ಉಜ್ಜುವ ಫೈಲು), ಅದರ ಉಕ್ಕಿನಲ್ಲಿ ಇಂಗಾಲ ಜಾಸ್ತಿ. ಕುಲುಮೆ ಕೆಲಸ ಮಾತ್ರ ಕಮ್ಮಾರರಿಗೇ ಬಿಡಿ, ಪಕ್ಕದಲ್ಲಿ ನಿಂತು ನೋಡಿ. ಅಯಸ್ಕಾಂತ ಅಂಟದಷ್ಟು ಕೆಂಪಗೆ, ಅಂದರೆ ಸುಮಾರು 770 ಡಿಗ್ರಿ ದಾಟಿಸಿ, ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಗಾಜಿನ ಹಾಗೆ, ಕೈಜಾರಿ ಬಿದ್ದರೂ ಒಡೆದೀತು. ಒಂದು ಮೈ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿ, ಒಣಹುಲ್ಲಿನ ಬಣ್ಣ ಬಂದ ತಕ್ಷಣ ನಿಲ್ಲಿಸಬೇಕು. ಅದೇ ಹದ.

ಪ್ರಶ್ನೆ: ಗ್ರೈಂಡರ್‌ಗೆ ಹಿಡಿದಾಗ ಉಳಿಯ ತುದಿ ನೀಲಿ ಆಯಿತು. ಈಗ ಎರಡು ಏಟಿಗೇ ಬಾಯಿ ಮಡಚುತ್ತದೆ. ಎಸೆಯುವುದೇನಾ? (ಮಡಿಕೇರಿಯಿಂದ)

ಉತ್ತರ: ಅಯ್ಯೋ, ಬೇಡ. ನೀಲಿ ಅಂದರೆ ಬಿಸಿ 300 ಡಿಗ್ರಿ ಹತ್ತಿರ ಹೋಗಿ ಅಲ್ಲಿಯ ಹದ ಕೆಟ್ಟಿದೆ ಅಂತ. ಅಷ್ಟು ಭಾಗವನ್ನು ಮಾತ್ರ ಸವೆಸಿ ತೆಗೆಯಿರಿ, ಹಿಂದಿನ ಉಕ್ಕು ಚೆನ್ನಾಗೇ ಇರುತ್ತದೆ. ಪಕ್ಕದಲ್ಲಿ ನೀರಿನ ಡಬ್ಬ ಇಟ್ಟುಕೊಂಡು ಕೈಗವಸು ಇಲ್ಲದೆ ಹಿಡಿಯಿರಿ, ಬೆರಳಿಗೆ ಬಿಸಿ ತಾಗಿತೋ, ಅದ್ದಿ. ಕೊನೆಯ ಸಾಣೆ ಕಲ್ಲಿನ ಮೇಲೆಯೇ ಆಗಲಿ. ಸಿಲ್ವರ್ ಓಕ್‌ನಂಥ ಮೆದು ಮರಕ್ಕೆ ಬಾಯಿಯ ಕೋನ 25 ಡಿಗ್ರಿ ಸಾಕು, ಬೀಟೆ, ಹೊನ್ನೆಗೆ 30 ಮಾಡಿಕೊಳ್ಳಿ.