ಪ್ರತಿಕ್ರಿಯೆ: ಗಂಡನ ರಕ್ತವನ್ನೂ ಈ ವಾರವೇ ಪರೀಕ್ಷೆ ಮಾಡಿಸಿ

ಎಂಟು ವಾರದ ಬಸಿರು, ಎಚ್‌ಬಿಎ2 (ರಕ್ತದಲ್ಲಿರುವ ಒಂದು ಬಗೆಯ ಹಿಮೋಗ್ಲೋಬಿನ್) ರಿಪೋರ್ಟ್ ಶೇ. 5.2, ಮದುವೆಯಾಗಿರುವುದು ಸೋದರಮಾವನ ಮಗನನ್ನು. ಗಂಡನಿಗೂ ಪರೀಕ್ಷೆ ಬೇಕಾ ಎಂದು ಕೇಳಿದ್ದೀರಿ. ಖಂಡಿತ ಬೇಕು, ತಡ ಮಾಡಬೇಡಿ.

ಇದು 3.5ಕ್ಕಿಂತ ಜಾಸ್ತಿ ಬಂದರೆ ಸಾಮಾನ್ಯವಾಗಿ ಬೀಟಾ ಥಲಸ್ಸೀಮಿಯಾ ಎಂಬ ವಂಶವಾಹಿ ರಕ್ತದ ಕಾಯಿಲೆಯ ವಾಹಕರು, ಅಂದರೆ ಅದರ ದೋಷದ ಜೀನ್ ಒಂದು ನಿಮ್ಮಲ್ಲಿದೆ ಎಂದರ್ಥ. ನಿಮ್ಮ ಮಟ್ಟಿಗೆ ಇದು ಕಾಯಿಲೆಯಲ್ಲ, ಭಯ ಬೇಡ. ಆದರೆ ನೀವಿಬ್ಬರೂ ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳು. ಅದೇ ಜೀನ್ ನಿಮ್ಮ ಗಂಡನಲ್ಲೂ ಇರಬಹುದು, ಅಲ್ವಾ? ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಮೊದಲ ಮಗು ಚೆನ್ನಾಗಿದೆ ಅಂತ ಸುಮ್ನೆ ಕೂರುವ ಹಾಗಿಲ್ಲ, ಲೆಕ್ಕ ಪ್ರತಿ ಸಲ ಹೊಸದು.

ಅವರ ರಿಪೋರ್ಟ್ ಗಡಿಯಲ್ಲಿ ಬಂದರೆ ಫೆರಿಟಿನ್ (ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ಕೂಡ ನೋಡಿಸಿ. ಕಬ್ಬಿಣದಂಶ ಕಡಿಮೆ ಇದ್ದರೆ ಎಚ್‌ಬಿಎ2 ಇಳಿದು ಕಾಣಿಸುತ್ತದೆ.

ಇಬ್ಬರೂ ವಾಹಕರಾದರೆ ಮೊದಲು ನಿಮ್ಮಿಬ್ಬರ ಡಿಎನ್‌ಎಯಲ್ಲಿ ದೋಷ ಎಲ್ಲಿದೆ ಎಂದು ಹುಡುಕಬೇಕು. ಆಮೇಲೆ 11ರಿಂದ 13ನೇ ವಾರದೊಳಗೆ ಮಾಸಿನ ಚೂರು ತೆಗೆದು ಮಗುವಿನ ಡಿಎನ್‌ಎ ನೋಡುತ್ತಾರೆ. ಅದು ತಪ್ಪಿದರೆ 16ನೇ ವಾರದ ಹೊತ್ತಿಗೆ ಗರ್ಭದ ನೀರಿನ ಪರೀಕ್ಷೆ. ಅದಕ್ಕೇ ಈ ಅವಸರ.

ಜೆನೆಟಿಕ್ ಕೌನ್ಸೆಲಿಂಗ್‌ಗೆ (ವಂಶವಾಹಿ ಕಾಯಿಲೆಗಳ ಬಗ್ಗೆ ತಜ್ಞರ ಸಲಹೆಗೆ) ದಯವಿಟ್ಟು ಇಬ್ಬರೂ ಹೋಗಿ. ನನ್ನ ತಂಗಿಯ ಜೊತೆ ನಾನು ಹೋಗಿದ್ದೆ. ಸಲಹೆಗಾರರು ಬಿಳಿ ಹಾಳೆಯಲ್ಲಿ ವಂಶವೃಕ್ಷ ಬಿಡಿಸುತ್ತಾ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆದರು, ನಂಟಸ್ತಿಕೆಯ ಮದುವೆಗೆ ಜೋಡಿ ಗೆರೆ ಎಳೆದರು. ಜೀನ್ ಎರಡೂ ಕಡೆಯಿಂದ ಬರುವುದನ್ನು ಆ ಹಾಳೆಯಲ್ಲಿ ನೋಡಿದ ಮೇಲೆ ಅವಳ ಅತ್ತೆ "ಎಲ್ಲಾ ಇವಳಿಂದ" ಅನ್ನುವುದನ್ನು ಬಿಟ್ಟರು.